ಕಿಟಕಿ ಬಲೆಯ ಕೆಳಮೂಲೆಯ ತೂತು

ನೈಲಾನ್ ಬಂತು, ತೊಂದರೆ ಮುಗಿಯಿತು ಎನ್ನುತ್ತಾರೆ. ನಮ್ಮ ಕಸುಬಿನವರು ನಾಲ್ಕು ಮಂದಿ ಸೇರಿದಲ್ಲಿ ಕಿಟಕಿ ಬಲೆಯ ಚರಿತ್ರೆ ಇಷ್ಟರಲ್ಲೇ ಮುಗಿಯುತ್ತದೆ. ಮೊದಲು ಕಬ್ಬಿಣದ ಬಲೆ ಇತ್ತು. ನಮ್ಮ ಮಳೆಗೆ ತುಕ್ಕು ಹಿಡಿಯುತ್ತಿತ್ತು, ಇಲಿ ಕಡಿಯುತ್ತಿತ್ತು, ಬೆಕ್ಕು ಪರಚುತ್ತಿತ್ತು. ವರ್ಷಕ್ಕೊಮ್ಮೆ ಕಿತ್ತು ಹೊಸತು ಹಾಕಬೇಕಿತ್ತು. ಆಮೇಲೆ ನೈಲಾನ್ ಬಂದು ಎಲ್ಲರನ್ನೂ ಉದ್ಧಾರ ಮಾಡಿತು.

ಕೇಳಲು ಚೆನ್ನಾಗಿದೆ. ನಾನು ಒಪ್ಪುವುದಿಲ್ಲ. ತುಕ್ಕು ಹಿಡಿಯುವ ಬಲೆ ಎಲ್ಲ ಕಡೆಯೂ ಹಿಡಿಯಬೇಕು. ಕೆಳಗಿನ ಮೂಲೆಯಲ್ಲಿ ಮಾತ್ರ, ಅಂಗೈಯಷ್ಟು ಜಾಗದಲ್ಲಿ ಮಾತ್ರ ಹರಿಯುವುದು ಯಾಕೆ? ಇಲಿಗೆ ಕಬ್ಬಿಣ ಕಡಿಯುವಷ್ಟು ಹಲ್ಲಿದ್ದರೆ ಪಕ್ಕದಲ್ಲೇ ಇರುವ ಮರದ ರೀಪನ್ನು ಯಾಕೆ ಬಿಟ್ಟಿತು? ಈ ಎರಡು ಪ್ರಶ್ನೆಗಳಿಗೆ ಉತ್ತರ ಕೊಡದವರು ನೈಲಾನಿನ ಹೆಸರು ಹೇಳಬಾರದು. ಪುತ್ತೂರು, ಸುಳ್ಯ, ಕಡಬದ ಕಡೆ ಬಲೆ ಹರಿಯುವುದು ನಿಂತದ್ದು ನೈಲಾನ್ ಬರುವುದಕ್ಕೆ ನಾಲ್ಕೈದು ವರ್ಷ ಮೊದಲು. ನಿಂತಾಗ ನಾನು ಅಲ್ಲೇ ಇದ್ದೆ.

ಈಗ ನಾನು ಕೆಲಸ ಬಿಟ್ಟು ಕೂತಿದ್ದೇನೆ. ಅಳತೆಪಟ್ಟಿ ಹಿಡಿದು ಈ ಕೆಲಸಕ್ಕೆ ಇಳಿಯುವ ಹುಡುಗರು ಆಗಾಗ ಬಂದು, ಯಾವ ಕಂಪೆನಿಯ ಬಲೆ ಒಳ್ಳೆಯದು ಎಂದು ಕೇಳುತ್ತಾರೆ. ತಪ್ಪು ಪ್ರಶ್ನೆ. ಯಾಕೆ ತಪ್ಪು ಎಂದು ತೋರಿಸಲು ನಾನು ಕೆಲಸ ಕಲಿತ ಕಥೆಯನ್ನೇ ಹೇಳಬೇಕು.

ಎಪ್ಪತ್ತರ ದಶಕದ ಕೊನೆ. ಪುತ್ತೂರಿನಲ್ಲಿ ಪದವಿ ಮುಗಿಸಿ ಹೊರಗೆ ಬಂದ ನನ್ನ ಕೈಯಲ್ಲಿದ್ದ ಆಸ್ತಿ ಅಂದರೆ ಚರ್ಚಾಸ್ಪರ್ಧೆಯಲ್ಲಿ ಗೆದ್ದ ಒಂದು ಶೀಲ್ಡು ಮತ್ತು ಒಂದು ನಾಲಿಗೆ. ಯಾವ ವಿಷಯ ಕೊಟ್ಟರೂ ಪರವಾಗಿ ಐದು ನಿಮಿಷ, ವಿರೋಧವಾಗಿ ಐದು ನಿಮಿಷ ಮಾತಾಡಬಲ್ಲೆ. ಕೆಲಸ ಕೊಡುವವರಿಗೆ ಮಾತ್ರ ಇದರಿಂದ ಏನು ಉಪಯೋಗವೆಂದು ಹೊಳೆಯಲಿಲ್ಲ. ಒಂದು ವರ್ಷ ಖಾಲಿ ಕೂತ ಮೇಲೆ ಅಪ್ಪ ತಮ್ಮ ಪರಿಚಯದ ಸೇಸಪ್ಪಣ್ಣನ ಬಳಿ ಕಳಿಸಿದರು. ಸೇಸಪ್ಪಣ್ಣ ಮೂಲದಲ್ಲಿ ಬಡಗಿ. ಆಗ ಮನೆಗಳ ಕಿಟಕಿಗೆ ನುಸಿ, ಅಂದರೆ ಸೊಳ್ಳೆ, ಬಾರದ ಹಾಗೆ ತಂತಿ ಬಲೆ ಹೊಡೆಯುವುದರಲ್ಲಿ ಮೂರು ಊರಿಗೆ ಅವರೊಬ್ಬರದೇ ಹೆಸರು. ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ, ಬಲೆಯ ಸುರುಳಿಯನ್ನು ಹೆಗಲಿಗೆ ಒರಗಿಸಿಕೊಂಡು ನಿಂತಿದ್ದವರು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು.

"ಆಣಿ ಹೊಡೀಲಿಕ್ಕೆ ಬರ್ತದಾ?"

"ಕಲೀತೇನೆ. ಎಲ್ಲಿ ಹೊಡೆಯಬೇಕು, ಯಾಕೆ ಅಲ್ಲೇ ಹೊಡೆಯಬೇಕು ಅಂತ ಹೇಳಿದ್ರೆ ಬೇಗ ಕಲೀತೇನೆ."

"ಯಾಕೆ ಅಂತ ಆಣಿಯ ಹತ್ರ ಕೇಳು. ಸುರುಳಿ ಹಿಡ್ಕೊಳ್ಳಿ ವಕೀಲ್ರೇ, ಬಸ್ಸು ಬಂತು."

ಅವತ್ತಿನಿಂದ ನಾನು ವಕೀಲ. ಕೋಪ ಬಂದರೆ ಏಕವಚನ, ಹಾಸ್ಯ ಬಂದರೆ ಬಹುವಚನ. ಅವರ ಮನಸ್ಸು ಹೇಗಿದೆ ಎಂದು ತಿಳಿಯಲು ನನಗೆ ಬೇರೆ ದಾರಿ ಬೇಕಾಗಲಿಲ್ಲ.

ಕೆಲಸ ನೋಡಲು ಸುಲಭ. ಸುರುಳಿಯನ್ನು ಅಂಗಳದಲ್ಲಿ ಬಿಡಿಸಿ ನಾಲ್ಕು ಮೂಲೆಗೆ ಕಲ್ಲು ಇಡಬೇಕು. ಇಲ್ಲದಿದ್ದರೆ ಅದು ಹಾವಿನ ಹಾಗೆ ಮತ್ತೆ ಸುತ್ತಿಕೊಳ್ಳುತ್ತದೆ. ತಗಡು ಕತ್ತರಿಸುವ ಕತ್ತರಿಯಿಂದ ಅಳತೆಗೆ ಕತ್ತರಿಸಿ, ಕಿಟಕಿಯ ಚೌಕಟ್ಟಿನ ಒಳಬದಿಗೆ ಹಿಡಿದು, ಮೊದಲು ಮೇಲ್ಗಡೆ ಆಣಿ, ಆಮೇಲೆ ಇಕ್ಕಳದಲ್ಲಿ ಎಳೆದು ಕೆಳಗಡೆ ಆಣಿ, ಕೊನೆಗೆ ಎರಡು ಬದಿ. ಅಂಚು ಮುಚ್ಚಲು ಸುತ್ತಲೂ ತೆಳ್ಳಗಿನ ಮರದ ರೀಪು. ಎಲ್ಲ ಆದ ಮೇಲೆ ಸೇಸಪ್ಪಣ್ಣ ತೋರುಬೆರಳಿನ ಉಗುರಿನಿಂದ ಬಲೆಯ ನಡುವಿಗೆ ಒಂದು ಸಲ ಹೊಡೆದು ಕಿವಿ ಕೊಡುತ್ತಿದ್ದರು. ಬಿಗಿಯಾಗಿದ್ದರೆ ಬಲೆ ಸಣ್ಣಗೆ ಗುಂಯ್ ಅನ್ನುತ್ತಿತ್ತು. ಅನ್ನದಿದ್ದರೆ ಅಷ್ಟೂ ಆಣಿ ಕೀಳಬೇಕು. ಮನೆಯವರು "ಇಷ್ಟು ಸಾಕು ಮಾರಾಯ್ರೆ, ನುಸಿ ತಡೆದ್ರೆ ಆಯ್ತಲ್ಲ" ಎಂದರೂ ಕೀಳಬೇಕು. ಸಡಿಲ ಬಲೆ ಹಾಕಿದ ಕೈ ತಮ್ಮದೆಂದು ಯಾರೂ ಹೇಳಬಾರದು, ಅದು ಅವರ ಹಟ.

ನನ್ನ ಮೊದಲ ತಪ್ಪನ್ನು ಬಚ್ಚಿಡುವುದಿಲ್ಲ. ಕುಂಬ್ರದ ಒಬ್ಬ ಅಂಗಡಿಯವರ ಮನೆ. ಸಾಲಾಗಿ ಆರು ಕಿಟಕಿ. ಒಬ್ಬನೇ ಬಡಗಿ, ಒಂದೇ ಮರ, ಒಂದೇ ವರ್ಷದಲ್ಲಿ ಮಾಡಿದವು. ಹಾಗಾಗಿ ಒಂದನ್ನು ಅಳೆದರೆ ಆರನ್ನೂ ಅಳೆದ ಹಾಗೆ ಎಂದು ವಾದಿಸಿ, ಸೇಸಪ್ಪಣ್ಣ ಚಾ ಕುಡಿದು ಬರುವಷ್ಟರಲ್ಲಿ ಆರು ತುಂಡು ಕತ್ತರಿಸಿಟ್ಟೆ. ಎರಡು ತುಂಡು ಸರಿಯಾದವು, ಎರಡು ದೊಡ್ಡದಾದವು, ಎರಡು ಒಂದು ಬೆರಳು ಸಣ್ಣದಾದವು. ಸೇಸಪ್ಪಣ್ಣ ಬೈಯಲಿಲ್ಲ. ಸಣ್ಣದಾದ ತುಂಡನ್ನು ಕಿಟಕಿಗೆ ಹಿಡಿದು, "ನೋಡಿ ವಕೀಲ್ರೇ, ನಿಮ್ಮ ವಾದಕ್ಕೆ ಒಂದು ಬೆರಳು ಕಮ್ಮಿ ಬಿತ್ತು" ಎಂದರು. ಪ್ರತಿ ಕಿಟಕಿಯನ್ನೂ ಅಳೆಯಿರಿ. ಅಕ್ಕಪಕ್ಕದ ಎರಡು ಕಿಟಕಿಗಳ ಮೇಲೂ ನಂಬಿಕೆ ಇಡಬೇಡಿ.

ಆದರೆ ಆ ದಿನವೇ ನನ್ನ ತಲೆಗೆ ಹುಳ ಹೊಕ್ಕಿತು. ನಾವು ಕಿತ್ತು ಹಾಕಿದ ಹಳೆಯ ಬಲೆಗಳನ್ನು ಅಂಗಳದಲ್ಲಿ ಒಂದರ ಮೇಲೊಂದು ಹಾಸಿದ್ದೆ. ಎಲ್ಲದರ ತೂತೂ ಒಂದೇ ಜಾಗದಲ್ಲಿ ಇತ್ತು, ಕೆಳಗಿನ ಮೂಲೆಯಲ್ಲಿ. ಮೇಲಿನಿಂದ ನೋಡಿದರೆ ಆರು ಬಲೆ ತೂರಿ ಕೆಳಗಿನ ಮಣ್ಣು ಕಾಣುತ್ತಿತ್ತು.

"ಇಲಿ," ಎಂದರು ಅಂಗಡಿಯವರು.

"ಇಲಿ," ಎಂದರು ಸೇಸಪ್ಪಣ್ಣ.

ಆರೂ ಕಿಟಕಿಗೆ ಹತ್ತಿ ಅದೇ ಮೂಲೆಯನ್ನೇ ಆರಿಸುವ ಇಲಿ ಎಂಥದು ಎಂದು ಕೇಳಲು ಬಾಯಿ ತೆರೆದೆ. ಸೇಸಪ್ಪಣ್ಣ ನನ್ನ ಕಾಲು ಮೆಟ್ಟಿದರು.

ಸುಳ್ಯದಲ್ಲಿ ಒಬ್ಬ ಮಾಸ್ಟ್ರ ಮನೆಯಲ್ಲಿ ಮೆಟ್ಟುವಷ್ಟು ಹತ್ತಿರ ಅವರಿರಲಿಲ್ಲ. ಹಿಂದಿನ ವರ್ಷ ನಾವೇ ಹಾಕಿದ್ದ ಬಲೆ. ಅದೇ ಮೂಲೆ, ಅದೇ ಅಳತೆಯ ತೂತು. ಮಾಸ್ಟ್ರು ತಪ್ಪನ್ನು ಬೆಕ್ಕಿನ ಮೇಲೆ ಹಾಕಿದರು. ನಾನು ತೂತಿನ ಅಂಚನ್ನು ಬೆಳಕಿಗೆ ಹಿಡಿದು ನೋಡಿದೆ. ಬೆಕ್ಕು ಪರಚಿದ್ದರೆ ತಂತಿಗಳು ಎಳೆದು ಬಾಗಿರಬೇಕು. ಇವು ಚಪ್ಪಟೆಯಾಗಿ ತುಂಡಾಗಿದ್ದವು, ಎರಡು ಅಲಗಿನ ನಡುವೆ ಸಿಕ್ಕಿದ ಹಾಗೆ. ಮಾಸ್ಟ್ರ ತಾಯಿ ಜಗಲಿಯಲ್ಲಿ ಎಲೆ ಹಾಕುತ್ತ ಕೂತಿದ್ದರು. ಅವರ ಮಡಿಲಲ್ಲಿ ಅಡಿಕೆ ಕತ್ತರಿಸುವ ಅಡಕತ್ತರಿ. ಅದರ ಅಲಗಿನಲ್ಲಿ ಸಾಲಾಗಿ ಸಣ್ಣ ಸಣ್ಣ ಕಚ್ಚು. ಅಡಿಕೆ ಕತ್ತರಿಸಿದರೆ ಅಲಗಿನಲ್ಲಿ ಕಚ್ಚು ಬೀಳುವುದಿಲ್ಲ.

ಚರ್ಚಾಸ್ಪರ್ಧೆಯಲ್ಲಿ ಎದುರಾಳಿಯ ಕೈಯಲ್ಲೇ ಸಾಕ್ಷ್ಯ ಸಿಕ್ಕಿದರೆ ಹೇಗಾಗುತ್ತದೋ ಹಾಗಾಯಿತು ನನಗೆ.

"ಅಮ್ಮಾ, ಈ ಬಲೆ ಕತ್ತರಿಸಿದ್ದು ನೀವೇ ಅಲ್ಲವಾ?"

ಆ ಅಮ್ಮ ಬಾಯಲ್ಲಿದ್ದ ಎಲೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದರು. "ನನ್ನ ಮನೆಗೆ ಬಂದು, ನನ್ನ ಮಗನ ಎದುರು, ನನ್ನನ್ನೇ ಕಳ್ಳಿ ಮಾಡುದಾ?" ಎಂದರು. ದನಿ ಏರಿಸಲಿಲ್ಲ. "ಮಗಾ, ಇವರನ್ನು ಕಳಿಸು."

ಅರ್ಧ ಹೊಡೆದ ಬಲೆಯನ್ನು ಹಾಗೇ ಬಿಟ್ಟು ಹೊರಟೆವು. ಸೇಸಪ್ಪಣ್ಣ ಸುರುಳಿ ಹೊತ್ತು ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದು, ಬಸ್ಸು ನಿಲ್ಲುವಲ್ಲಿ ನಿಂತರು.

"ನಾನು ಹೇಳಿದ್ದು ಸುಳ್ಳಾ?" ಎಂದು ನಾನೇ ಕೆಣಕಿದೆ. "ಅಡಕತ್ತರಿ ನೀವೂ ನೋಡಿದ್ದೀರಿ."

"ಸತ್ಯವಾ ಸುಳ್ಳಾ ನನಗೆ ಬೇಡ. ಇಷ್ಟು ವರ್ಷದಲ್ಲಿ ಒಂದು ಮನೆಯವರೂ ನನ್ನನ್ನು ಹೊರಗೆ ಹಾಕಿದ್ದಿಲ್ಲ. ಇವತ್ತು ಹಾಕಿದ್ರು. ಇನ್ನೊಂದು ಮನೆಯಲ್ಲಿ ನಿನ್ನ ಬಾಯಿಯಿಂದ ಹೀಗಾದ್ರೆ, ನೀನು ನಿನ್ನ ಶೀಲ್ಡು ಹಿಡ್ಕೊಂಡು ಮನೆಗೆ ಹೋಗುದು. ಗೊತ್ತಾಯ್ತಾ?"

ಏಕವಚನ. ಗೊತ್ತಾಯಿತು.

ಈಗ ಹೇಳುತ್ತೇನೆ, ಅಲ್ಲಿ ನಾನು ಗೆದ್ದಿರಲಿಲ್ಲ. ಯಾರು ಕತ್ತರಿಸಿದರು ಎಂದು ಹಿಡಿದಿದ್ದೆ, ಯಾಕೆ ಎಂದು ಹಿಡಿದಿರಲಿಲ್ಲ. ಮನೆಯವರು ತಾವೇ ಬೇಕೆಂದು ಹಾಕಿಸಿಕೊಂಡ ಬಲೆಯನ್ನು ತಾವೇ ಕತ್ತರಿಸುವುದು ಯಾಕೆ? ಅರ್ಧ ವಾದ ಹಿಡಿದುಕೊಂಡು ಒಬ್ಬ ಹಿರಿಯ ಹೆಂಗಸಿನ ಮುಖಕ್ಕೆ ಎಸೆದಿದ್ದೆ. ಇದನ್ನು ನಾನು ಮಾಡಿದ ಅತಿ ಕೆಟ್ಟ ಕೆಲಸ ಎಂದೇ ಲೆಕ್ಕ ಹಾಕುತ್ತೇನೆ.

ಉಳಿದ ಅರ್ಧ ಸಿಕ್ಕಿದ್ದು ಕಡಬದಲ್ಲಿ. ಅಲ್ಲಿ ಮನೆಯವರು ಮಂಗನ ಮೇಲೆ ಹಾಕಿದರು. ಇಲಿ ಆಯಿತು, ಬೆಕ್ಕು ಆಯಿತು, ಮಂಗವೂ ಆಯಿತು. ನಾನು ತುಟಿ ಬಿಗಿಹಿಡಿದು ಕಿಟಕಿ ಎಣಿಸುತ್ತ ಹೋದೆ. ಒಂಟಿ ಬಾಗಿಲಿನ ಕಿಟಕಿಗಳಲ್ಲಿ ಒಂದೇ ತೂತು. ಎರಡು ಬಾಗಿಲಿನ ಕಿಟಕಿಗಳಲ್ಲಿ ಎರಡು ತೂತು, ಎಡಮೂಲೆಗೊಂದು, ಬಲಮೂಲೆಗೊಂದು. ಬಾಗಿಲು ಎಣಿಸಿ ತೂತು ಮಾಡುವ ಮಂಗ! ಮನೆಯವರು ಆಚೆ ಹೋದ ಹೊತ್ತು ನೋಡಿ ಒಂದು ತೂತಿನಲ್ಲಿ ನನ್ನ ಕೈ ತೂರಿಸಿದೆ. ದಳಿಗಳ, ಅಂದರೆ ಕಿಟಕಿಯ ಸರಳುಗಳ, ನಡುವೆ ಕೈ ನೆಟ್ಟಗೆ ಹೋಯಿತು. ಬೆರಳ ತುದಿಗೆ ತಣ್ಣಗಿನ ಕಬ್ಬಿಣ ತಾಗಿತು. ಅದು ಕಿಟಕಿ ಬಾಗಿಲನ್ನು ತೆರೆದಿಡುವ ಕೊಕ್ಕೆ.

ನಮ್ಮ ಕಡೆಯ ಕಿಟಕಿಗಳು ನಿಮಗೆ ಗೊತ್ತಿರುತ್ತವೆ. ಬಾಗಿಲು ಹೊರಕ್ಕೆ ತೆರೆಯುತ್ತದೆ. ನಡುವೆ ಕಬ್ಬಿಣದ ದಳಿ. ದಳಿಯ ಸಂದಿಯಿಂದ ಕೈ ಹೊರಗೆ ಹಾಕಿ, ಕೊಕ್ಕೆ ತಪ್ಪಿಸಿ, ಬಾಗಿಲನ್ನು ಎಳೆದುಕೊಂಡು ಚಿಲಕ ಹಾಕಬೇಕು. ನಾವು ಹೋಗಿ ದಳಿಯ ಒಳಬದಿಗೆ, ಅಂಚಿನಿಂದ ಅಂಚಿಗೆ, ಗುಂಯ್ ಅನ್ನುವಷ್ಟು ಬಿಗಿಯಾಗಿ ಬಲೆ ಹೊಡೆದು, ಬೆನ್ನು ತಟ್ಟಿಸಿಕೊಂಡು ಬರುತ್ತಿದ್ದೆವು. ಮಳೆ ಹೊಡೆದಾಗ ಕಿಟಕಿ ಮುಚ್ಚುವುದು ಹೇಗೆ? ಬಲೆ ಹರಿದದ್ದರ ಕಾರಣ ಮಳೆಯೇ ಹೌದು. ಆದರೆ ತುಕ್ಕಿನಿಂದಲ್ಲ.

ಆ ದಿನ ಹಿಂತಿರುಗುವಾಗ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಸೇಸಪ್ಪಣ್ಣನಿಗೆ ಎಲ್ಲವನ್ನೂ ಹೇಳಿದೆ. ರೀಪಿನ ತುಂಡುಗಳಲ್ಲಿ ನಾನೇ ಮಾಡಿಟ್ಟುಕೊಂಡಿದ್ದ ಒಂದು ಮಾದರಿಯನ್ನೂ ಚೀಲದಿಂದ ತೆಗೆದು ತೋರಿಸಿದೆ. ಬಲೆಯ ಕೆಳಮೂಲೆಯಲ್ಲಿ ಕೈ ಹೋಗುವಷ್ಟು ಒಂದು ಪುಟ್ಟ ಚೌಕ, ಅದಕ್ಕೂ ಬಲೆ, ಒಂದು ಬದಿಗೆ ತಿರುಗಣಿ ಕೀಲು, ಇನ್ನೊಂದು ಬದಿಗೆ ತಿರುಗಿಸಿ ಮುಚ್ಚುವ ಮರದ ಗುಂಡಿ. ಕೈಬಾಗಿಲು ಎಂದು ಹೆಸರಿಟ್ಟಿದ್ದೆ.

ಅವರು ಅದನ್ನು ಮುಟ್ಟಲೂ ಇಲ್ಲ.

"ಬಲೆ ಅಂದ್ರೆ ಒಂದೇ ತುಂಡು. ಅದರ ಹೊಟ್ಟೆಗೆ ಬಾಗಿಲು ಇಟ್ರೆ ಬಿಗಿ ಎಲ್ಲಿ ನಿಲ್ತದೆ? ಗುಂಯ್ ಅಂತದಾ ಅದು?"

"ಗುಂಯ್ ಅಂದು ಎಂತ ಮಾಡುದು ಸೇಸಪ್ಪಣ್ಣ? ಮೊದಲ ಮಳೆಗೆ ಕತ್ತರಿಸ್ತಾರಲ್ಲ."

"ಕತ್ತರಿಸಿದ್ರೆ ಅವರು ಕತ್ತರಿಸಿದ್ದು. ನಮ್ಮ ಕೆಲಸ ಬಲೆ ಹಾಕುದು. ಅವರು ಕಿಟಕಿ ಹೇಗೆ ಮುಚ್ತಾರೆ, ಯಾರು ಮುಚ್ತಾರೆ ಅಂತ ನಾವು ನೋಡ್ಲಿಕ್ಕೆ ಹೋಗುದಾ?"

ಕಿಟಕಿಯ ಹೊರಗೆ ನೋಡತೊಡಗಿದರು. ಚರ್ಚೆ ಮುಗಿಯಿತು.

ಮುಂದಿನದು ಬೆಳ್ಳಾರೆ. ಪೇಟೆಯಿಂದ ಸ್ವಲ್ಪ ಒಳಗೆ ರೈಗಳೊಬ್ಬರ ಉಪ್ಪರಿಗೆ ಮನೆ. ರೈಗಳು ಬೆಳ್ಳಾರೆಯ ಸಂತೆಯಲ್ಲಿ ಒಂದು ಮಾತು ಹೇಳಿದರೆ ಸಂಜೆಯ ಬಸ್ಸಿನಲ್ಲಿ ಅದು ಪುತ್ತೂರಿಗೂ ಸುಳ್ಯಕ್ಕೂ ಇಳಿಯುತ್ತದೆ, ಅಂಥ ಮನುಷ್ಯ. ಮಗಳು ಹೆರಿಗೆಗೆ ತವರಿಗೆ ಬರುತ್ತಾಳೆಂದು ಬೇಸಗೆಯಲ್ಲಿ ಇಡೀ ಮನೆಗೆ ಬಲೆ ಹಾಕಿಸಿದ್ದರು. ಮಳೆ ಹಿಡಿದು ತಿಂಗಳಾಗಿತ್ತು, ಮಗು ಹುಟ್ಟಿ ವಾರವಾಗಿತ್ತು. ರೈಗಳಿಂದ ಕರೆ ಬಂತು. ಹೋದರೆ ಬಲೆಗಳೆಲ್ಲ ತೂತು.

ರೈಗಳು ಅಂಗಳದಲ್ಲೇ ನಿಲ್ಲಿಸಿ ಮಾತಾಡಿದರು. "ಮಗುವಿನ ಕೈಕಾಲು ನೋಡು ಸೇಸಪ್ಪ, ಕೆಂಪು ಬೊಟ್ಟು ಇಟ್ಟ ಹಾಗೆ ಆಗಿದೆ. ಇದಾ ನಿನ್ನ ಬಲೆ? ನಾನು ಇಲಿಗೆ ಬೋನಿಟ್ಟು ಇಟ್ಟು ಸಾಕಾಯ್ತು. ಇವತ್ತು ಹೊಸತು ಹಾಕಿ ಹೋಗು. ಇದೇ ಕೊನೆ. ಮತ್ತೆ ಹರಿದ್ರೆ ಮಂಗಳೂರಿಂದ ಜನ ತರಿಸ್ತೇನೆ. ಆಮೇಲೆ ಈ ಸೀಮೆಯಲ್ಲಿ ನಿನ್ನನ್ನು ಕಿಟಕಿಯ ಹತ್ತಿರ ಬಿಡುವವರು ಯಾರುಂಟು ನೋಡುವ."

ಸೇಸಪ್ಪಣ್ಣ "ಆಯ್ತು ಧನಿಗಳೇ" ಎಂದಷ್ಟೇ ಹೇಳಿದರು. ಸುಳ್ಯದ ಸುದ್ದಿ ಆಗಲೇ ಒಂದಿಷ್ಟು ಹರಡಿತ್ತು. ಬೆಳ್ಳಾರೆಯೂ ಹೋದರೆ ಅವರ ಹೆಸರು ಅಲ್ಲಿಗೆ ಮುಗಿಯಿತು. ಹೊಸ ಬಲೆ ಹಾಕಿದರೂ ಒಂದು ವಾರದಲ್ಲಿ ತೂತಾಗುತ್ತದೆಂದು ನನಗೆ ಗೊತ್ತಿತ್ತು. ಅವರಿಗೂ ಗೊತ್ತಿತ್ತು, ಕಡಬದ ಬಸ್ಸಿನಲ್ಲಿ ನಾನೇ ಹೇಳಿದ್ದೆನಲ್ಲ. ಆದರೂ ಸುರುಳಿ ಬಿಡಿಸಿದರು.

ಉಪ್ಪರಿಗೆಯಿಂದ ಆರಂಭಿಸಿದೆವು. ಅಲ್ಲಿ ಹುಲ್ಲಿನ ಹಗ್ಗ ಸುತ್ತಿದ ಅಕ್ಕಿಮುಡಿಗಳನ್ನು ಕಿಟಕಿಯ ಬುಡದವರೆಗೂ ಜೋಡಿಸಿದ್ದರು. ಮೊದಲ ಕಿಟಕಿಗೆ ಸೇಸಪ್ಪಣ್ಣ ತಮ್ಮ ಆಯುಷ್ಯದ ಅತ್ಯುತ್ತಮ ಬಲೆ ಹಾಕಿದರು ಎಂದೇ ನನ್ನ ಅಭಿಪ್ರಾಯ. ಒಂದು ಸುಕ್ಕಿಲ್ಲ. ಉಗುರಿನಿಂದ ಹೊಡೆದಾಗ ಕೆಳಗಿನ ಕೋಣೆಯ ಮಗು ಎಚ್ಚರಾದೀತು ಅನ್ನುವಷ್ಟು ಸ್ಪಷ್ಟವಾಗಿ ಗುಂಯ್ ಅಂದಿತು. ರೈಗಳು ಮೇಲೆ ಬಂದು ನೋಡಿ ಗಂಟಲಲ್ಲೇ ಹೂಂ ಎಂದರು.

ಆಗ ಮೋಡ ಕವಿಯಿತು. ತೆಂಗಿನ ಗರಿಗಳ ಮೇಲೆ ಮಳೆ ದೂರದಿಂದ ಓಡಿ ಬರುವ ಸದ್ದು ಕೇಳಿಸಿತು.

"ಕಿಟಕಿ ಮುಚ್ಚಿ, ಮುಡಿ ಒದ್ದೆಯಾಗ್ತದೆ," ಎಂದರು ರೈಗಳು, ಯಾರಿಗೆಂದಿಲ್ಲದೆ.

ಸೇಸಪ್ಪಣ್ಣ ಆಣಿಯ ಡಬ್ಬಿ ಮುಚ್ಚುವುದರಲ್ಲಿ ಮಗ್ನರಾದರು. ನನ್ನ ಬಾಯಲ್ಲಿ ಹತ್ತು ವಾಕ್ಯ ತುದಿಗೆ ಬಂದಿದ್ದವು. ಸುಳ್ಯದ ಅಮ್ಮನ ಮುಖ ನೆನಪಾಗಿ ಒಂಬತ್ತನ್ನು ನುಂಗಿದೆ.

"ನೀವೇ ಒಮ್ಮೆ ಮುಚ್ಚಿ ಧನಿಗಳೇ," ಎಂದೆ. "ನಮ್ಮ ಕೈಯೆಲ್ಲ ತುಕ್ಕಿನ ಮಣ್ಣು."

ರೈಗಳು ಕಿಟಕಿಯ ಬಳಿ ಹೋದರು. ಕೈ ಚಾಚಿದರು. ಅಂಗೈ ಬಲೆಗೆ ತಾಗಿತು, ಬಲೆ ಗುಂಯ್ ಅಂದಿತು. ಕೊಕ್ಕೆ ಒಂದು ಗೇಣು ಆಚೆ ಕಾಣುತ್ತಿತ್ತು. ಅವರು ಬಲೆಯ ಅಂಚನ್ನು ತಡವಿದರು, ಮೇಲೆ ನೋಡಿದರು, ಕೆಳಗೆ ನೋಡಿದರು. ಮೊದಲ ಹನಿಗಳು ಮುಡಿಯ ಹುಲ್ಲಿನ ಮೇಲೆ ಬಿದ್ದವು. ಅರವತ್ತು ದಾಟಿದ ಆ ಮನುಷ್ಯ ತಮ್ಮದೇ ಮನೆಯ ಕಿಟಕಿಯ ಮುಂದೆ ದಾರಿ ತಪ್ಪಿದವರ ಹಾಗೆ ನಿಂತಿದ್ದರು.

"ಇದನ್ನು ಹೇಗೆ ಮುಚ್ಚುದು?"

ಸೇಸಪ್ಪಣ್ಣ ಡಬ್ಬಿಯ ಮುಚ್ಚಳವನ್ನು ಮತ್ತೊಮ್ಮೆ ಒತ್ತಿದರು.

"ಕೆಳಗಿನ ಕಿಟಕಿಯಾದ್ರೆ ಹೊರಗಿಂದ ಹೋಗಿ ಮುಚ್ಚಬಹುದು," ಎಂದೆ. "ಇದು ಉಪ್ಪರಿಗೆ. ಬೇಸಗೆಯಿಂದ ಇಲ್ಲಿವರೆಗೆ ಇದನ್ನು ದಿನಾ ಯಾರೋ ಮುಚ್ಚಿದ್ದಾರೆ, ತೆರೆದಿದ್ದಾರೆ. ನಿಮ್ಮ ಮುಡಿ ಒಂದೂ ಒದ್ದೆಯಾಗ್ಲಿಲ್ಲ."

"ಲೀಲಾ!" ರೈಗಳು ಮೆಟ್ಟಲಿನ ಕಡೆ ತಿರುಗಿ ಕೂಗಿದರು.

ರೈಗಳ ಹೆಂಡತಿ ಲೀಲಕ್ಕ ಆಗಲೇ ಅರ್ಧ ಮೆಟ್ಟಲು ಹತ್ತಿದ್ದರು. ಮಳೆಯ ಸದ್ದಿಗೇ ಬಂದವರು. ಬಲಗೈಯನ್ನು ಸೆರಗಿನೊಳಗೆ ಇಟ್ಟಿದ್ದರು. ಮೂವರು ಗಂಡಸರನ್ನು ಕಂಡು ಅಲ್ಲೇ ನಿಂತರು.

"ಇದನ್ನು ಹೇಗೆ ಮುಚ್ಚುದು ಹೇಳು ನೋಡುವ."

ಲೀಲಕ್ಕ ಗಂಡನನ್ನು ನೋಡಿದರು, ಹೊಸ ಬಲೆಯನ್ನು ನೋಡಿದರು, ಒದ್ದೆಯಾಗುತ್ತಿದ್ದ ಮುಡಿಗಳನ್ನು ನೋಡಿದರು. ಅವರು ಇಲ್ಲ ಎಂದುಬಿಟ್ಟಿದ್ದರೆ ನನ್ನ ವಾದವೂ ಸೇಸಪ್ಪಣ್ಣನ ಹೆಸರೂ ಒಟ್ಟಿಗೆ ಮಳೆಯಲ್ಲಿ ಹೋಗುತ್ತಿದ್ದವು.

ಸೆರಗಿನಿಂದ ಕೈ ಹೊರಗೆ ಬಂತು. ಅದರಲ್ಲಿ ಅಡಕತ್ತರಿ.

"ಸರಿಯಿರಿ," ಎಂದು ಗಂಡನನ್ನು ಪಕ್ಕಕ್ಕೆ ಸರಿಸಿ, ಸೇಸಪ್ಪಣ್ಣನ ಆ ಅತ್ಯುತ್ತಮ ಬಲೆಯ ಕೆಳಮೂಲೆಗೆ ಅಲಗು ಕೊಟ್ಟು ಕಟ್ ಕಟ್ ಕಟ್ ಎಂದು ಕತ್ತರಿಸಿ, ಕೈ ತೂರಿಸಿ, ಕೊಕ್ಕೆ ತಪ್ಪಿಸಿ, ಬಾಗಿಲು ಎಳೆದು ಚಿಲಕ ಹಾಕಿದರು. ಕೋಣೆ ಕತ್ತಲಾಯಿತು. ಮಳೆ ಹೊರಗೆ ಉಳಿಯಿತು.

"ಹೀಗೆ," ಎಂದರು.

ರೈಗಳು ತೂತಿಗೆ ಬೆರಳು ಹಾಕಿ ನೋಡಿದರು. "ಹಾಗಾದ್ರೆ ಇಲಿ?"

"ಇಲಿ ಅಂತ ಹೇಳಿದ್ದು ನೀವು. ನಾನು ಹೇಳಿದ್ದುಂಟಾ?" ಲೀಲಕ್ಕ ಅಡಕತ್ತರಿಯನ್ನು ಸೆರಗಿಗೆ ಒರೆಸಿಕೊಂಡರು. "ಬಾಣಂತಿ ಕೋಣೆಗೆ ನೀರು ಹೊಡೀಬೇಕಾ, ನುಸಿ ಬರಬೇಕಾ ಅಂತ ದಿನಾ ನಾನು ಒಬ್ಬಳೇ ತೀರ್ಮಾನ ಮಾಡುದು. ನೀವು ಬಲೆ ಹಾಕಿಸಿದ್ರಿ, ಇವರು ಬಲೆ ಹಾಕಿದ್ರು. ಮುಚ್ಚುದು ಹೇಗೆ ಅಂತ ನನ್ನ ಹತ್ರ ಒಬ್ಬರಾದ್ರೂ ಕೇಳಿದ್ರಾ?"

ರೈಗಳು ಮುಡಿಯ ಮೇಲೆ ಕೂತು ನಗತೊಡಗಿದರು. ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಸೇಸಪ್ಪ, ಬೋನಿಗೆ ನಾನು ಇಟ್ಟ ತೆಂಗಿನಕಾಯಿ ಎಲ್ಲ ವ್ಯರ್ಥ ಆಯ್ತಲ್ಲ ಮಾರಾಯ!" ಎಂದರು. ಲೀಲಕ್ಕನೂ ನಕ್ಕರು.

ನಾನು ಚೀಲಕ್ಕೆ ಕೈ ಹಾಕಿ ನನ್ನ ಕೈಬಾಗಿಲು ತೆಗೆದು ಲೀಲಕ್ಕನ ಕೈಗೆ ಕೊಟ್ಟೆ. ಸೇಸಪ್ಪಣ್ಣನಿಗೆ ಕೊಡಲಿಲ್ಲ, ರೈಗಳಿಗೂ ಕೊಡಲಿಲ್ಲ. ಅವರು ಗುಂಡಿ ತಿರುಗಿಸಿ ತೆರೆದು, ಮುಚ್ಚಿ, ಮತ್ತೆ ತೆರೆದು ನೋಡಿದರು.

"ಇದು ಎಡಗಡೆಗೆ ತೆರೀಬೇಕು. ಬಲಗೈಗೆ ಅಡ್ಡ ಬರ್ತದೆ," ಎಂದರು. "ಮತ್ತೆ ಒಂದು ಮುಷ್ಟಿ ದೊಡ್ಡದಾಗ್ಬೇಕು, ಬಳೆ ಸಿಕ್ಕಿಕೊಳ್ತದೆ."

ಎರಡೂ ನನಗೆ ಹೊಳೆದಿರಲಿಲ್ಲ. ಹೊಳೆಯುವುದು ಹೇಗೆ, ನಾನು ಬಳೆ ಹಾಕಿ ಕಿಟಕಿ ಮುಚ್ಚಿದವನಲ್ಲ.

ಆಗ ಸೇಸಪ್ಪಣ್ಣ ಆಣಿಯ ಡಬ್ಬಿ ಬದಿಗಿಟ್ಟು ಎದ್ದರು. ನನ್ನ ಮಾದರಿಯನ್ನು ಲೀಲಕ್ಕನ ಕೈಯಿಂದ ತೆಗೆದುಕೊಂಡು ಬೆಳಕಿಗೆ ಹಿಡಿದು, "ಇದು ಬಾಗಿಲಾ ವಕೀಲ್ರೇ? ಕೋಳಿಗೂಡಿನ ಮುಚ್ಚಳ ಇದಕ್ಕಿಂತ ಚಂದ ಇರ್ತದೆ" ಎಂದರು. ಬಹುವಚನ! ಅಲ್ಲೇ ಕೂತು ಉಳಿ ತೆಗೆದರು. ಸಂಜೆಯೊಳಗೆ ಬಾಣಂತಿ ಕೋಣೆಯ ಎರಡು ಕಿಟಕಿಗೂ ಕೈಬಾಗಿಲು ಬಂತು, ಉಳಿದವಕ್ಕೆ ಮುಂದಿನ ದಿನಗಳಲ್ಲಿ. ಮೂಲೆಯ ಚೌಕಕ್ಕೆ ಆಧಾರವಾಗಿ ಅಡ್ಡ ಒಂದು, ಉದ್ದ ಒಂದು ರೀಪು ಕೊಟ್ಟು, ಉಳಿದ ಬಲೆಯನ್ನು ಅದಕ್ಕೆ ಎಳೆದು ಕಟ್ಟಿದರು. ಉಗುರಿನಿಂದ ಹೊಡೆದರು. ಗುಂಯ್ ಅಂದಿತು. ಬಾಗಿಲಿಟ್ಟರೆ ಬಿಗಿ ನಿಲ್ಲುವುದಿಲ್ಲ ಎಂದಿದ್ದ ತಮ್ಮ ವಾದವನ್ನು ತಮ್ಮ ಕೈಯಿಂದಲೇ ಸೋಲಿಸಿದರು. ಚರ್ಚಾಸ್ಪರ್ಧೆಯಲ್ಲಿ ಅಂಥ ಸೋಲನ್ನು ನಾನು ಕಂಡಿಲ್ಲ.

ಆ ಮಳೆಗಾಲ ಮುಗಿಯುವವರೆಗೆ ಬೆಳ್ಳಾರೆಯ ಆ ಮನೆಯಲ್ಲಿ ಒಂದು ತಂತಿಯೂ ತುಂಡಾಗಲಿಲ್ಲ. ರೈಗಳು ಸಂತೆಯಲ್ಲಿ ಕಥೆಯನ್ನು ಬಣ್ಣ ಕಟ್ಟಿ ಹೇಳಿದರು, ತಾನೇ ಸಂಶಯಪಟ್ಟು ಪರೀಕ್ಷೆ ಮಾಡಿದೆ ಎಂಬಂತೆ. ಹೇಳಲಿ, ನನಗೆ ತಕರಾರಿಲ್ಲ. ಬೇಡಿಕೆ ಕಡಬದಿಂದ ಬಂತು, ಈಶ್ವರಮಂಗಲದಿಂದ ಬಂತು, ಕುಂಬ್ರದ ಅಂಗಡಿಯವರಿಂದ ಬಂತು. ಕೇಳಲು ಬರುತ್ತಿದ್ದವರು ಗಂಡಸರು. "ಒಳಗಿನವರು ಹೇಳಿದ್ರು, ಅದೆಂತದೋ ಕೈಬಾಗಿಲು ಅಂತೆ" ಎಂದು ಆರಂಭಿಸುತ್ತಿದ್ದರು. ಯಾವ ಮನೆಯವರೂ ಆಮೇಲೆ ಇಲಿಯ ಹೆಸರೆತ್ತಲಿಲ್ಲ.

ಸುಳ್ಯದಿಂದಲೂ ಕರೆ ಬಂತು. ಮಾಸ್ಟ್ರ ತಾಯಿ ಅದೇ ಜಗಲಿಯಲ್ಲಿದ್ದರು. ನಾನು ಹೋಗಿ ಅವರ ಮುಂದೆ ನಿಂತು, ಹೋದ ಸಲ ತಪ್ಪು ಮಾಡಿದೆ ಎಂದೆ. ಅವರು ನನ್ನನ್ನು ಕಾಯಿಸಿ, ಎಲೆಗೆ ಸುಣ್ಣ ಸವರಿ ಮುಗಿಸಿ, "ನಿನ್ನ ಬಾಯಿ ಜೋರುಂಟು. ಬಲೆಯೂ ಅಷ್ಟು ಗಟ್ಟಿ ಇರಲಿ" ಎಂದರು. ಇದಕ್ಕಿಂತ ದೊಡ್ಡ ಬಹುಮಾನ ನನಗೆ ಯಾವ ವೇದಿಕೆಯಲ್ಲೂ ಸಿಕ್ಕಿಲ್ಲ. ಅವತ್ತು ಹಾಕಿದ ಬಲೆ ಆರು ಮಳೆ ತಡೆಯಿತು. ಕೊನೆಗೆ ನಿಜವಾಗಿಯೂ ತುಕ್ಕು ಹಿಡಿದು, ನ್ಯಾಯವಾಗಿ ಎಲ್ಲ ಕಡೆಯೂ ಸಮಾನವಾಗಿ ಹಿಡಿದು, ನಿವೃತ್ತಿಯಾಯಿತು. ಅದರ ಜಾಗಕ್ಕೆ ನೈಲಾನ್ ಹಾಕಿದವನೂ ನಾನೇ. ನೈಲಾನಿಗೂ ಕೈಬಾಗಿಲು ಇಟ್ಟೆ. ಇಡದ ಕಡೆ ನೈಲಾನನ್ನು ಕತ್ತರಿಸಲು ಅಡಕತ್ತರಿಯೂ ಬೇಕಾಗಿಲ್ಲ, ತರಕಾರಿ ಚೂರಿ ಸಾಕು. ನೈಲಾನ್ ಉದ್ಧಾರ ಮಾಡಿತು ಎನ್ನುವವರು ಇದಕ್ಕೆ ಉತ್ತರ ಹೇಳಲಿ.

ಆದ್ದರಿಂದ ಹುಡುಗರೇ, ಯಾವ ಕಂಪೆನಿ ಎಂದು ಕೇಳಬೇಡಿ. ಮನೆಗೆ ಹೋದ ಕೂಡಲೇ ಅಳತೆಪಟ್ಟಿ ತೆಗೆಯಬೇಡಿ. ಈ ಕಿಟಕಿಯನ್ನು ದಿನಾ ಮುಚ್ಚುವವರು ಯಾರು ಎಂದು ಕೇಳಿ, ಅವರನ್ನು ಕರೆಸಿ, ಮುಚ್ಚಿ ತೋರಿಸಿ ಅನ್ನಿ. ಅವರ ಕೈ ಹೋಗುವ ದಾರಿ ನೋಡಿ. ಹರಿದ ಬಲೆ ಕಿತ್ತರೆ ಎಸೆಯುವ ಮೊದಲು ತೂತನ್ನು ಓದಿ. ಹತ್ತು ಮನೆಗಳಲ್ಲಿ ಹತ್ತು ಪ್ರಾಣಿಗಳ ಹೆಸರು ಹೇಳುತ್ತಾರೆ. ಕೇಳಿ ತಲೆಯಾಡಿಸಿ, ನಂಬಬೇಡಿ. ಆದರೆ ನಂಬಲಿಲ್ಲ ಎಂದು ಬಾಯಿಬಿಟ್ಟು ಹೇಳಬೇಡಿ.

ಇನ್ನೊಂದು ಉಳಿದಿದೆ. ನಾನು ಸೇಸಪ್ಪಣ್ಣನ ಜತೆ ಒಂಬತ್ತು ವರ್ಷ ದುಡಿದೆ. ಅಷ್ಟು ವರ್ಷವೂ ನಾವು ಭೇಟಿಯಾಗುತ್ತಿದ್ದದ್ದು ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ, ಬೇರೆಯಾಗುತ್ತಿದ್ದದ್ದೂ ಅಲ್ಲೇ. ಅವರ ಮನೆಗೆ ನಾನು ಹೋಗಿರಲಿಲ್ಲ. ಮಂಡಿನೋವಿನಿಂದ ಅವರು ಕೆಲಸ ನಿಲ್ಲಿಸಿದ ಮೇಲೆ ಒಂದು ದಿನ ವಿಚಾರಿಸಲು ಹೋದೆ. ಈಶ್ವರಮಂಗಲದ ಕಡೆ, ಬಸ್ಸಿಳಿದು ಅರ್ಧ ಗಂಟೆ ನಡೆಯುವಷ್ಟು ಒಳಗೆ. ಸಣ್ಣ ಮನೆ, ಒಂದು ಚಾವಡಿ, ಎರಡು ಕಿಟಕಿ. ಅವರ ಹೆಂಡತಿ ಚಾ ತಂದಿಟ್ಟರು. ಕುಡಿಯುತ್ತಿರುವಾಗಲೇ ಮಳೆ ಬಂತು.

ಆ ತಾಯಿ ಕಿಟಕಿಯ ಬಳಿ ಹೋಗಿ, ಕೋಣೆಯ ಒಳಗೆ ಗೋಡೆಗೆ ಒರಗಿದ್ದ ಬಾಗಿಲನ್ನು ಒಂದೇ ಬೆರಳಿನಲ್ಲಿ ತಳ್ಳಿ ಮುಚ್ಚಿದರು. ಅಷ್ಟೇ. ದಳಿಯೊಳಗೆ ಕೈ ತೂರಿಸುವ ಕೆಲಸವೇ ಇಲ್ಲ. ಕಿಟಕಿಯ ಬಾಗಿಲು ಒಳಕ್ಕೆ ತೆರೆಯುವಂಥದು. ಬಲೆ ದಳಿಯ ಆಚೆ, ಹೊರಬದಿಗೆ ಇತ್ತು. ನಾನು ಎದ್ದು ಎರಡನೆಯ ಕಿಟಕಿಯ ಬಳಿ ಹೋಗಿ ನೋಡಿದೆ. ಕಬ್ಬಿಣದ ಬಲೆ, ಇಡೀ ಕಿಟಕಿಗೆ ಒಂದೇ ತುಂಡು, ಮೂಲೆಯಿಂದ ಮೂಲೆಗೆ ಕಂದು ಬಣ್ಣಕ್ಕೆ ತಿರುಗಿದ್ದು. ಕೈಬಾಗಿಲು ಇಲ್ಲ, ಒಂದು ತೂತೂ ಇಲ್ಲ. ಕಿಟಕಿಯ ತಿರುಗಣಿಗಳೂ ಹಳೆಯವು. ಅಥವಾ ಹಳೆಯ ಹಾಗೆ ಕಾಣುತ್ತಿದ್ದವು, ನಮ್ಮ ಹವೆಯಲ್ಲಿ ಎರಡು ವರ್ಷದ್ದೂ ಇಪ್ಪತ್ತು ವರ್ಷದ ಹಾಗೆ ಕಾಣುತ್ತದೆ.

ಹಳೆಯವೇ ಆದರೆ, ಇಲಿ ಎನ್ನುತ್ತಿದ್ದ ದಿನವೂ ತೂತಿನ ಗುಟ್ಟು ಅವರಿಗೆ ಗೊತ್ತಿತ್ತು ಎಂದಾಯಿತು. ತಿರುಗಿ ನೋಡಿದೆ. ಸೇಸಪ್ಪಣ್ಣ ಮಂಡಿಗೆ ಎಣ್ಣೆ ತಿಕ್ಕುತ್ತ ನನ್ನನ್ನೇ ನೋಡುತ್ತಿದ್ದರು.

"ಸೇಸಪ್ಪಣ್ಣ," ಎಂದು ಕೇಳಿದೆ, "ಈ ಕಿಟಕಿ ಮಾಡಿದ್ದು ನಾವು ಬೆಳ್ಳಾರೆಗೆ ಹೋಗುವ ಮೊದಲಾ, ಹೋಗಿ ಬಂದ ಮೇಲಾ?"